ಸಿದೆಯನ್ನು ಬಾಗಿಲಿನಿಂದ ಹೊಕ್ಕು ನೋಡಿ

ಓದುಗರ ಪತ್ರ: ಟರ್ಕಿಯ ಮೆಡಿಟರೇನಿಯನ್ ಕರಾವಳಿಯ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ಸಿದೆ ಎಂಬ ಊರಿಗೆ ಸಿಕ್ಕಿದ್ದು ಒಂದು ಚಿತ್ರ, ಮೂರು ಸಾಲು. ಅಪೊಲೊ ದೇಗುಲದ ಕಂಬಗಳು 1,800 ವರ್ಷಗಳಿಂದ ಹಾಗೇ ನಿಂತಿವೆ ಎಂದು ಚಿತ್ರದ ಕೆಳಗೆ ಬರೆದಿದ್ದಿರಿ. ಅದು ನಿಜವೇ? ಊರು ಗ್ರೀಕರದೋ ರೋಮನ್ನರದೋ? ಅಕ್ಟೋಬರಿನಲ್ಲಿ, ಎಪ್ಪತ್ತು ದಾಟಿದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಟಿದ್ದೇವೆ. ಅಂತಾಲ್ಯದಿಂದ ಒಂದು ಸಂಜೆ ಹೋಗಿಬಂದರೆ ಸಾಕೇ? (ಧಾರವಾಡದ ಓದುಗರೊಬ್ಬರು)

ಸಂಪಾದಕರ ಉತ್ತರ: ಮೊದಲು ತಪ್ಪೊಪ್ಪಿಗೆ. ಕಂಬಗಳ ಬಗ್ಗೆ ನಾವು ಬರೆದದ್ದು ತಪ್ಪು. ಆ ದೇಗುಲ ಕಟ್ಟಿದ್ದು ಕ್ರಿ.ಶ. 2ನೇ ಶತಮಾನದಲ್ಲಿ, ಆದರೆ ಅದು ಎಂದೋ ನೆಲಕ್ಕುರುಳಿತ್ತು. ಈಗ ಸಮುದ್ರದ ಅಂಚಿನಲ್ಲಿ ಕಾಣುವ ಐದು ಕಂಬಗಳನ್ನು ಬಿದ್ದ ತುಂಡುಗಳಿಂದ ಮತ್ತೆ ಜೋಡಿಸಿ ನಿಲ್ಲಿಸಿದ್ದು ಕಳೆದ ಶತಮಾನದ ಕೊನೆಯ ಭಾಗದಲ್ಲಿ. ಆ ಕೆಲಸದ ಹಿಂದಿದ್ದವರು ಟರ್ಕಿಯ ಮೊದಲ ಮಹಿಳಾ ಪುರಾತತ್ವಜ್ಞೆ ಜಾಲೆ ಇನಾನ್. ಆರಿಫ್ ಮ್ಯುಫಿತ್ ಮಾನ್ಸೆಲ್ 1947ರಲ್ಲಿ ಅಲ್ಲಿ ಉತ್ಖನನ ಆರಂಭಿಸಿದಾಗಿನಿಂದ ಅವರು ಜತೆಗಿದ್ದವರು. ಅವರ ಹೆಸರನ್ನು ನಾವು ಅಂದೇ ಹೇಳಬೇಕಿತ್ತು.

ಇನ್ನು ಊರು ಯಾರದು ಎಂಬ ಪ್ರಶ್ನೆ. ಏಜಿಯನ್ ಕರಾವಳಿಯ ಕೈಮೆ ಪಟ್ಟಣದ ಗ್ರೀಕರು ಬಂದು ನೆಲೆಸಿದರು ಎಂದು ಹಳೆಯ ಗ್ರೀಕ್ ಬರಹಗಾರರು ಹೇಳುತ್ತಾರೆ. ಕ್ರಿ.ಪೂ. 333ರಲ್ಲಿ ಅಲೆಕ್ಸಾಂಡರ್ ಇಲ್ಲಿಗೆ ಬಂದದ್ದನ್ನು ಬರೆಯುವಾಗ ಇತಿಹಾಸಕಾರ ಆರಿಯನ್ ಒಂದು ವಿಚಿತ್ರ ಮಾತು ಸೇರಿಸುತ್ತಾನೆ: ಹಾಗೆ ಬಂದ ಗ್ರೀಕರು ದಡಕ್ಕಿಳಿಯುತ್ತಲೇ ತಮ್ಮ ನುಡಿ ಮರೆತು, ನೆರೆಹೊರೆಯವರಿಗೂ ತಿಳಿಯದ ಬೇರೆಯೇ ಮಾತಾಡತೊಡಗಿದರಂತೆ. ನುಡಿಯನ್ನು ಹಾಗೆ ಯಾರೂ ಮರೆಯುವುದಿಲ್ಲ. ಅಲ್ಲಿ ಮೊದಲೇ ಜನರಿದ್ದರು, ಬಂದವರು ಅವರೊಳಗೆ ಬೆರೆತುಹೋದರು ಎಂದು ಓದಿಕೊಳ್ಳುವುದೇ ಸರಿ. ಆ ನುಡಿಯನ್ನು ಇಂದು ಸಿದೆಟಿಕ್ ಎನ್ನುತ್ತಾರೆ. ಅದು ಅನಾತೋಲಿಯದ ಪ್ರಾಚೀನ ಲೂವಿಯನ್ ಭಾಷೆಯ ಬಳಗದ್ದು. ಬಲದಿಂದ ಎಡಕ್ಕೆ ಬರೆಯುತ್ತಿದ್ದ ಅದಕ್ಕೆ ತನ್ನದೇ ಲಿಪಿಯಿತ್ತು. ಸಿಕ್ಕಿರುವ ಶಾಸನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದೆರಡರಲ್ಲಿ ಅದೇ ಹೆಸರುಗಳನ್ನು ಗ್ರೀಕಿನಲ್ಲೂ ಕೆತ್ತಿದ್ದರಿಂದ ಅಕ್ಷರಗಳ ಉಚ್ಚಾರ ಗೊತ್ತುಮಾಡುವುದು ಸಾಧ್ಯವಾಯಿತು. ಎಲ್ಲ ಅಕ್ಷರಗಳೂ ಇನ್ನೂ ಬಗೆಹರಿದಿಲ್ಲ.

ಸಿದೆ ಎಂದರೆ ದಾಳಿಂಬೆ. ಊರಿನ ನಾಣ್ಯಗಳಲ್ಲಿ ಆ ಹಣ್ಣು ಮತ್ತೆ ಮತ್ತೆ ಕಾಣುತ್ತದೆ. ಕ್ರಿ.ಪೂ. 2ನೇ ಶತಮಾನದ ಬೆಳ್ಳಿ ನಾಣ್ಯದ ಒಂದು ಬದಿ ಶಿರಸ್ತ್ರಾಣ ತೊಟ್ಟ ಅಥೆನಾ, ಇನ್ನೊಂದು ಬದಿ ಹಾರ ಹಿಡಿದು ಬರುವ ವಿಜಯದೇವತೆ ನೀಕೆ. ಅವಳ ಎದುರಿನ ಖಾಲಿ ಜಾಗದಲ್ಲಿ, ತುದಿಗೆ ಪುಟ್ಟ ಕಿರೀಟವಿರುವ ಒಂದು ದಾಳಿಂಬೆ. ದೇವತೆಗಳು ಗ್ರೀಕರವರಾದರೂ ಆ ಹಣ್ಣು ಊರಿನ ಸ್ವಂತದ್ದು.

ಆ ಕಾಲದ ಸಂಪತ್ತಿನ ಮೂಲ ಹೇಳದೆ ಬಿಡುವಂತಿಲ್ಲ. ಕಡಲ್ಗಳ್ಳರು ಸೆರೆಹಿಡಿದು ತಂದ ಜನರನ್ನು, ಅವರು ಸ್ವತಂತ್ರ ಪ್ರಜೆಗಳು ಎಂದು ಒಪ್ಪಿಕೊಂಡೇ, ಇಲ್ಲಿ ಹರಾಜು ಹಾಕುತ್ತಿದ್ದರು ಎಂದು ಪ್ರಾಚೀನ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಕ್ರಿ.ಪೂ. 67ರಲ್ಲಿ ರೋಮಿನ ಸೇನಾಪತಿ ಪಾಂಪೆ ಕಡಲ್ಗಳ್ಳರನ್ನು ಹತ್ತಿಕ್ಕಿದ. ಇಂದು ಕಣ್ಣಿಗೆ ಬೀಳುವ ಕಟ್ಟಡಗಳಲ್ಲಿ ಹೆಚ್ಚಿನವು ಅದರ ನಂತರದ ರೋಮನ್ ಕಾಲದವು.

ಒಂದು ಸಂಜೆ ಸಾಲದು. ಅಂತಾಲ್ಯದಿಂದ ಸಿದೆ ಪೂರ್ವಕ್ಕೆ ಸುಮಾರು 75 ಕಿ.ಮೀ. ಸಂಜೆ ಬರುವವರು ನೇರ ಕಂಬಗಳತ್ತ ಓಡಿ, ಸೂರ್ಯಾಸ್ತದ ಫೋಟೊ ತೆಗೆದು ಮರಳುತ್ತಾರೆ. ಊರಿನ ಕಥೆ ಇರುವುದು ಅದರ ಎದುರು ತುದಿಯಲ್ಲಿ. ಒಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಎಂಟೂವರೆಗೆ ಹಳೆಯ ಮಹಾದ್ವಾರದಿಂದ ನಡೆಯಲು ಶುರುಮಾಡಿ. ದ್ವಾರದ ಎದುರಿಗೇ ಮೂರು ದೊಡ್ಡ ಗೂಡುಗಳ ಕಾರಂಜಿ ಕಟ್ಟಡವಿದೆ. ಸಿದೆ ಇರುವುದು ಸಮುದ್ರದೊಳಕ್ಕೆ ಚಾಚಿದ ನೆಲದ ಮೇಲೆ, ಆ ಚಾಚುಭೂಮಿಯಲ್ಲಿ ಸಿಹಿನೀರಿಗೆ ಕೊರತೆ. ಹಾಗಾಗಿ ಇಂದಿನ ಮಾನವ್‌ಗತ್ ನದಿಯ ಮೇಲ್ಭಾಗದಿಂದ ಸುಮಾರು 30 ಕಿ.ಮೀ. ಉದ್ದದ ಕಾಲುವೆಯಲ್ಲಿ ನೀರು ತಂದಿದ್ದರು. ಪರಊರಿನಿಂದ ಬಂದವನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಆ ನೀರೇ.

ಕಂಬಸಾಲಿನ ಬೀದಿಯಲ್ಲಿ ಮುಂದೆ ಹೋದರೆ ವಸ್ತುಸಂಗ್ರಹಾಲಯ. ಅದು ಹಳೆಯ ಸ್ನಾನಗೃಹ. ಬಿಸಿನೀರಿನ ಕೋಣೆ, ತಣ್ಣೀರಿನ ಕೋಣೆಗಳ ನಡುವೆಯೇ ಶಿಲ್ಪಗಳನ್ನು ಇಟ್ಟಿದ್ದಾರೆ. ಅದರ ಎದುರು ಅಗೋರ, ಎಂದರೆ ಸಂತೆಯ ಚೌಕ.

ರಂಗಮಂದಿರಕ್ಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಈ ಭಾಗದ ರಂಗಮಂದಿರಗಳನ್ನು ಸಾಮಾನ್ಯವಾಗಿ ಗುಡ್ಡದ ಇಳಿಜಾರಿಗೆ ಒರಗಿಸಿ ಮೆಟ್ಟಿಲು ಕಡಿದು ಮಾಡುತ್ತಿದ್ದರು. ಸಿದೆಯಲ್ಲಿ ಗುಡ್ಡವಿಲ್ಲ. ಕೆಳಗಿನ ಸಾಲುಗಳಿಗೆ ಇದ್ದ ಅಲ್ಪ ಇಳಿಜಾರನ್ನು ಬಳಸಿ, ಮೇಲಿನ ಅರ್ಧವನ್ನು ಕಮಾನುಗಳ ಮೇಲೆ ಎತ್ತಿ ಕಟ್ಟಿದರು. ಮೊದಲು ಹೊರಗಿನಿಂದ ಸುತ್ತು ಹಾಕಿ ಕಮಾನುಗಳನ್ನು ನೋಡಿ, ಆಮೇಲೆ ಒಳಗೆ ಹೋಗಿ. ಸುಮಾರು 15,000 ಜನರ ಭಾರ ಎಲ್ಲಿ ಕೂತಿತ್ತೆಂದು ಆಗ ಹೊಳೆಯುತ್ತದೆ. ಮೆಟ್ಟಿಲುಗಳು ಎತ್ತರ, ಹಿಡಿಯಲು ಕೈಗಂಬಿ ಇರುವುದಿಲ್ಲ, ಸವೆದ ಕಲ್ಲು ಜಾರುತ್ತದೆ. ಅಪ್ಪ-ಅಮ್ಮನನ್ನು ನಡುವಿನ ಅಡ್ಡ ಓಣಿಯಲ್ಲೇ ಕೂರಿಸಿ, ಅಲ್ಲಿಂದ ಎಲ್ಲವೂ ಕಾಣುತ್ತದೆ. ರಬ್ಬರ್ ತಳದ ಬೂಟು ಬೇಕೇ ಬೇಕು, ಚಪ್ಪಲಿ ಬೇಡ. ನಡುಮಧ್ಯಾಹ್ನ ಆ ಬಟ್ಟಲಿನೊಳಗೆ ನೆರಳು ಸಿಗದು, ಅಕ್ಟೋಬರಿನಲ್ಲೂ ಹನ್ನೊಂದರ ಒಳಗೆ ಮುಗಿಸಿ.

ಪಕ್ಕದ ಕಮಾನು ಬಾಗಿಲು, ಅದರ ಬಳಿ ರೋಮನ್ ಚಕ್ರವರ್ತಿ ವೆಸ್ಪಾಸಿಯನ್‌ನ ಕ್ರಿ.ಶ. 74ರ ಸ್ಮಾರಕ. ಅದನ್ನು ಬೇರೆಡೆಯಿಂದ ತಂದು ಇಲ್ಲಿ ಕಾರಂಜಿಯಾಗಿ ಕೂರಿಸಿದ್ದು 4ನೇ ಶತಮಾನದಲ್ಲಿ. ಊರು ಕುಗ್ಗಿದ ಆ ಕಾಲದಲ್ಲಿ ಚಾಚುಭೂಮಿಗೆ ಅಡ್ಡವಾಗಿ ಹೊಸ ಕೋಟೆಗೋಡೆ ಎಬ್ಬಿಸಿದರು. ರಂಗಮಂದಿರದ ಹಿಂಗೋಡೆಯೇ ಆ ಕೋಟೆಯ ಭಾಗವಾಯಿತು.

ಮಧ್ಯಾಹ್ನ ವಿಶ್ರಾಂತಿ. ಸಸ್ಯಾಹಾರಿಗಳಿಗೆ ಪಾಲಕ್ ಅಥವಾ ಚೀಸ್ ತುಂಬಿ ಕಾವಲಿಯ ಮೇಲೆ ಬೇಯಿಸುವ ಗೊಜ್ಲೆಮೆ ಸುಲಭವಾಗಿ ಸಿಗುತ್ತದೆ. ಬೇಳೆ ಸೂಪನ್ನು ಮಾತ್ರ ಮಾಂಸದ ಸಾರಿನಲ್ಲಿ ಮಾಡಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ.

ಸಂಜೆ ಬಂದರಿಗೆ ಇಳಿಯಿರಿ. ಈ ಬಂದರು ಸದಾ ಮರಳಿನಿಂದ ತುಂಬಿಕೊಳ್ಳುತ್ತಿತ್ತು, ತೆಗೆದಷ್ಟೂ ಮತ್ತೆ ಬರುತ್ತಿತ್ತು. ಮುಗಿಯದ ಕೆಲಸಕ್ಕೆ "ಸಿದೆಯ ಬಂದರು" ಎನ್ನುವ ಗಾದೆಯೇ ಹುಟ್ಟಿತ್ತಂತೆ. ಊರು ಕೊನೆಗೆ ಪಾಳುಬಿದ್ದು ಜನ ಅಂತಾಲ್ಯಕ್ಕೆ ಹೋದರು. 19ನೇ ಶತಮಾನದ ಕೊನೆಯಲ್ಲಿ ಕ್ರೀಟ್ ದ್ವೀಪದಿಂದ ಬಂದ ಮುಸ್ಲಿಮರು ಈ ಅವಶೇಷಗಳ ನಡುವೆ ಮನೆ ಕಟ್ಟಿಕೊಂಡರು. ಇಂದಿನ ಅಂಗಡಿಬೀದಿಗಳು ಆ ಹಳ್ಳಿಯ ಮೇಲೆ ಬೆಳೆದವು. ಬಂದರಿನಿಂದ ಅಪೊಲೊ ದೇಗುಲಕ್ಕೆ ಕೆಲವೇ ನಿಮಿಷದ ದಾರಿ. ಕಂಬಗಳ ಮೇಲಿನ ಪಟ್ಟಿಯಲ್ಲಿ ಸಾಲಾಗಿ ಮೆಡೂಸಾ (ಗ್ರೀಕ್ ಪುರಾಣದ ಹಾವುಗೂದಲಿನ ಹೆಣ್ಣು) ತಲೆಗಳಿವೆ, ಚಿಕ್ಕ ದುರ್ಬೀನು ಒಯ್ದರೆ ಚೆನ್ನಾಗಿ ಕಾಣುತ್ತವೆ.

ಮರುದಿನ ಬೆಳಿಗ್ಗೆ ಇನ್ನೊಂದು ಪ್ರಾಚೀನ ಊರು ಆಸ್ಪೆಂಡಾಸ್ ನೋಡಿಕೊಂಡು ಅಂತಾಲ್ಯಕ್ಕೆ ಮರಳಬಹುದು, ಅದು ದಾರಿಯಲ್ಲೇ ಸಿಗುತ್ತದೆ. ಮಾನವ್‌ಗತ್ ಜಲಪಾತಕ್ಕೆ ಜೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಅಗಲ ಬಹಳ, ಎತ್ತರ ಎರಡಾಳಿನಷ್ಟು. ಹೊಳೆ ತುಂಬಿದರೆ ಧುಮುಕುವ ಜಾಗವೇ ನೀರಿನಲ್ಲಿ ಮುಳುಗಿರುತ್ತದೆ. ವೀಸಾ ವಿಷಯ: ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗುತ್ತಾ ಬಂದಿದೆ, ಉಳಿದವರು ವೀಸಾ ಕೇಂದ್ರದ ಮೂಲಕವೇ ಅರ್ಜಿ ಹಾಕಬೇಕು. ನಿಯಮ ಬದಲಾಗಬಹುದು, ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಹಾಗೆಯೇ ರಂಗಮಂದಿರವಾಗಲಿ ವಸ್ತುಸಂಗ್ರಹಾಲಯವಾಗಲಿ ದುರಸ್ತಿಗೆಂದು ಮುಚ್ಚಿಲ್ಲ ಎಂಬುದನ್ನು ಹೊರಡುವ ವಾರ ಖಚಿತಪಡಿಸಿಕೊಳ್ಳಿ.