ಸಾವಿಗೆ ಬಡಿಯುತ್ತಿದ್ದ ತಮಟೆ ಹೋರಾಟದ ವೇದಿಕೆಗೆ ಬಂದದ್ದು ಹೇಗೆ?

ಬದಲಾಗಿದ್ದು ತಮಟೆ ಅಲ್ಲ, ಅದನ್ನು ಯಾರ ಮಾತಿಗೆ ಬಡಿಯಬೇಕು ಅನ್ನೋದು.

ಹಳ್ಳಿಗಳಲ್ಲಿ ಸಾವು, ಜಾತ್ರೆ, ಡಂಗುರ ಯಾವುದಿದ್ದರೂ ದಲಿತರೇ ಬಂದು ತಮಟೆ ಬಡಿಯಬೇಕಿತ್ತು. ಅದನ್ನು ಕಲೆ ಅಂತ ಯಾರೂ ನೋಡುತ್ತಿರಲಿಲ್ಲ. ಹುಟ್ಟಿದ ಜಾತಿಯ ಮೇಲೆ ಹೇರಿದ ಚಾಕರಿ ಅದು. 'ಬರಲ್ಲ' ಅನ್ನುವ ಹಕ್ಕೇ ಇಲ್ಲದ ಕಡೆ ಕೈಚಳಕಕ್ಕೆ ಎಲ್ಲಿಯ ಮರ್ಯಾದೆ?

1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆ, ಹೋರಾಟದ ಹಾಡುಗಳ ಜೊತೆ ಅದೇ ತಮಟೆ ಬಂತು. ಈಗ ಬಡಿಯುವವರು ತಮಗಾಗಿ ಬಡಿದರು. ಮೈಕ್ ಇಲ್ಲದೆಯೂ ದೂರಕ್ಕೆ ಕೇಳುತ್ತದೆ, ಕುತ್ತಿಗೆಗೆ ನೇತುಹಾಕಿಕೊಂಡು ನಡೆಯುತ್ತಲೇ ಬಾರಿಸಬಹುದು. ಮೆರವಣಿಗೆಗೆ ಇನ್ನೇನು ಬೇಕು, ಅಲ್ವಾ?

ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಹೋದರೆ ಒಂದು ದೃಶ್ಯ ಸಿಗುತ್ತದೆ. ವೇದಿಕೆಯ ಹಿಂದೆ ಒಣಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಅದಕ್ಕೆ ಹಿಡಿದು ತಿರುಗಿಸುತ್ತಿರುತ್ತಾರೆ. ಸುಮ್ನೆ ಅಲ್ಲ. ಚರ್ಮ ತೇವ ಹೀರಿ ಸಡಿಲವಾಗಿರುತ್ತದೆ, ಕಾವಿಗೆ ಒಣಗಿ ಬಿಗಿಯಾಗುತ್ತದೆ. ಬೆರಳಿನಿಂದ ತಟ್ಟಿ ನೋಡಿ, 'ಟಣ್' ಅಂದಮೇಲೇ ಹೆಗಲಿಗೇರಿಸುವುದು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಹಾಗಂತ ಎಲ್ಲರೂ ಇದನ್ನು ಹೆಮ್ಮೆ ಅಂತ ಒಪ್ಪಿಲ್ಲ. ಹಳೇ ಅವಮಾನ ನೆನಪಾಗುತ್ತದೆ ಅಂತ ತಮಟೆ ಮುಟ್ಟುವುದನ್ನೇ ಬಿಟ್ಟವರೂ ಇದ್ದಾರೆ. ನನಗೆ ಅದೂ ಸರಿ ಅನ್ನಿಸುತ್ತದೆ. ಬಡಿಯದೇ ಇರುವುದೂ ಅವರದೇ ಆಯ್ಕೆ ತಾನೆ.