ಅಡಿಕೆ ತೋಟ ಅಡ ಇಟ್ಟು ಕೆನಡಾ ಡಿಪ್ಲೊಮಾ: ಒಂದು ಕೇಸು

ಹುಡುಗ ಮೆಕ್ಯಾನಿಕಲ್ ಬಿಇ, ವಿಟಿಯು, ಸಿಜಿಪಿಎ 7.4, ಮಲೆನಾಡಿನ ಕಡೆಯೋನು (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ). ಹೊರದೇಶದ ಓದಿನ ಬಗ್ಗೆ ಸಲಹೆ ಕೇಳೋಕೆ ಅಪ್ಪನ ಜೊತೆ ನನ್ನ ಹತ್ರ ಬಂದಿದ್ದ. ಕೈಲಿ ಒಂಟಾರಿಯೋದ ಕಾಲೇಜೊಂದರ ಆಫರ್ ಲೆಟರ್, ಎರಡು ವರ್ಷದ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ. ತೋಟ ಅಡ ಇಡೋ ಮಾತು ಬ್ಯಾಂಕಲ್ಲಿ ಆಗಲೇ ಮುಗಿದಿತ್ತು.

"ನಮ್ಮಣ್ಣನ ಮಗ 2019ರಲ್ಲಿ ಹಿಂಗೇ ಹೋಗಿದ್ದು ಸಾರ್, ಈಗ ಪಿಆರ್ ಆಗಿದೆ" ಅಂದ್ರು ಅಪ್ಪ. ಪಿಆರ್ ಅಂದ್ರೆ ಅಲ್ಲೇ ಕಾಯಂ ಇರೋಕೆ ಅನುಮತಿ.

ಸಮಸ್ಯೆ ಇರೋದೇ ಆ 2019ರಲ್ಲಿ. ಆಗ ಬೇಗ ವೀಸಾ ಕೊಡ್ತಿದ್ದ ಎಸ್‌ಡಿಎಸ್ ಸ್ಕೀಮು 2024ರ ನವೆಂಬರ್‌ಗೆ ನಿಂತೋಯ್ತು, ಸ್ಟಡಿ ಪರ್ಮಿಟ್ (ಅಲ್ಲಿ ಓದೋಕೆ ಕೊಡೋ ಪರವಾನಗಿ) ಎಷ್ಟು ಜನಕ್ಕೆ ಅನ್ನೋದಕ್ಕೆ ಮಿತಿ ಬಂತು, ಖರ್ಚಿಗೆ ತೋರಿಸಬೇಕಾದ ದುಡ್ಡು 10,000 ಕೆನಡಾ ಡಾಲರ್ ಇದ್ದಿದ್ದು 2025ರ ಸೆಪ್ಟೆಂಬರ್‌ಗೆ 22,895 ಆಯ್ತು, ಫೀಸು ಬೇರೆ. ಎಲ್ಲಕ್ಕಿಂತ ದೊಡ್ಡದು, 2024ರ ನವೆಂಬರ್ 1ರಿಂದ ಈಚೆಗೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕೋರಿಗೆ ಡಿಗ್ರಿ ಅಲ್ಲದ ಕಾಲೇಜು ಕೋರ್ಸು ಸರ್ಕಾರದ ಪಟ್ಟಿಯಲ್ಲಿರೋ ವಿಷಯ ಆಗಿದ್ರೆ ಮಾತ್ರ ಓದಿದ ಮೇಲೆ ವರ್ಕ್ ಪರ್ಮಿಟ್. ಲ್ಯಾಪ್‌ಟಾಪಲ್ಲಿ ಆ ಪಟ್ಟಿ ತೆಗೆದು ಇಬ್ಬರಿಗೂ ತೋರಿಸ್ದೆ, ಬಿಸಿನೆಸ್ ಮ್ಯಾನೇಜ್‌ಮೆಂಟ್ ಇರಲಿಲ್ಲ. ಏಜೆಂಟ್ ಇದನ್ನ ಹೇಳಿರಲಿಲ್ಲ. ಯಾಕೆ ಹೇಳ್ತಾರೆ, ಕಮಿಷನ್ ಕೊಡೋದು ಕಾಲೇಜು ತಾನೇ.

ಅಪ್ಪ ಫೋನ್ ಬಂತು ಅಂತ ಹೊರಗೆ ಹೋದಾಗ ಹುಡುಗ ಬಾಯಿಬಿಟ್ಟ: "ನಂಗೆ ಮೆಕ್ಯಾನಿಕಲ್ ಡಿಸೈನ್ ಇಷ್ಟ ಸಾರ್, ಈ ಬಿಸಿನೆಸ್ ಕೋರ್ಸಲ್ಲಿ ಬೇಗ ಸೀಟ್ ಸಿಗತ್ತೆ ಅಂದ್ರು ಅಂತ ಒಪ್ಕೊಂಡೆ."

ನಾನು ಹೇಳಿದ್ದು, ಫೀಸು ಕಟ್ಟಬೇಡಿ, ತೋಟದ ಪತ್ರ ಮನೇಲೇ ಇರಲಿ. ಹೊರಗೆ ಹೋಗಲೇಬೇಕು ಅಂದ್ರೆ ಮೆಕ್ಯಾನಿಕಲ್‌ನಲ್ಲೇ ಮಾಸ್ಟರ್ಸ್ ನೋಡು, ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸ್ ಇಲ್ಲ. ನಿನ್ನ 7.4 ಅವರ ಲೆಕ್ಕಕ್ಕೆ ತಂದ್ರೆ ಸುಮಾರು 2.3ರಿಂದ 2.6ರೊಳಗೆ ಬರತ್ತೆ, ಅಲ್ಲಿ 1 ಅಂದ್ರೆ ಟಾಪ್, 4 ಅಂದ್ರೆ ಜಸ್ಟ್ ಪಾಸ್, ಸೋ ಟಾಪ್ ಜಾಗ ಕಷ್ಟ ಆದ್ರೂ ಬಾಗಿಲು ಮುಚ್ಚಿಲ್ಲ. ಬ್ಲಾಕ್ಡ್ ಅಕೌಂಟಿಗೆ (ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸೋ ಖಾತೆ) ಒಂದು ವರ್ಷಕ್ಕೆ 11,904 ಯೂರೋ ಹಾಕಬೇಕು, ಅದು ತಿಂಗಳಿಗೆ 992ರಂತೆ ನಿಂಗೇ ವಾಪಸ್ ಬರತ್ತೆ. ಎಪಿಎಸ್ ಸರ್ಟಿಫಿಕೇಟಿಗೆ (ನಿನ್ನ ಮಾರ್ಕ್ಸ್ ಕಾರ್ಡು, ಡಿಗ್ರಿ ಸಾಚಾ ಅಂತ ಜರ್ಮನಿ ಕಡೆಯವರು ಪರಿಶೀಲಿಸಿ ಕೊಡೋ ಪತ್ರ) ಈಗಲೇ ಅರ್ಜಿ ಹಾಕು, ಅದಿಲ್ಲದೆ ವೀಸಾ ಮುಂದಕ್ಕೆ ಹೋಗಲ್ಲ, ಕೋರ್ಸು ಇಂಗ್ಲಿಷಲ್ಲಿದ್ರೂ ಜರ್ಮನ್ ಕಲಿ, ಕೆಲಸ ಹುಡುಕೋವಾಗ ಬೇಕೇ ಬೇಕು. ಅಲ್ಲೀವರೆಗೆ ಇಲ್ಲೇ ಡಿಸೈನ್ ಕೆಲಸಕ್ಕೆ ಸೇರ್ಕೋ.

"ಅಲ್ಲಿ ಪಿಆರ್ ಗ್ಯಾರಂಟಿನಾ?" ಅಂದ್ರು ಅಪ್ಪ.

"ಯಾರಾದ್ರೂ ಗ್ಯಾರಂಟಿ ಅಂದ್ರೆ ಎದ್ದು ಬಂದ್ಬಿಡಿ ಯಜಮಾನ್ರೇ" ಅಂದೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದ್ರೂ ಹುಡುಗ ಮುಂದಿನ ಸಲ ಬಂದಾಗ ಜರ್ಮನ್ ಭಾಷೆಯ ಮೊದಲ ಹಂತದ ಎ1 ಕ್ಲಾಸ್ ಸೇರಿದ್ದ, ಎಪಿಎಸ್‌ಗೆ ಮಾರ್ಕ್ಸ್ ಕಾರ್ಡ್‌ಗಳನ್ನೆಲ್ಲ ಜೋಡಿಸ್ಕೊಂಡಿದ್ದ.