ಆ ಡಬ್ಬಿಯ ಸೀಲು ಒಡೆಯಬೇಡಿ

ಪ್ರಿಯ ಓದುಗರೆ,

ಅಮೆರಿಕದ ಸಿನ್ಸಿನಾಟಿಯಿಂದ ನೀವು ಬರೆದ ಪತ್ರ ತಲುಪಿತು. ತೀರಿಹೋದ ಹಿರಿಯರೊಬ್ಬರ ಮನೆ ಸಾಮಾನು ಮಾರಾಟಕ್ಕಿಟ್ಟಾಗ ನಿಮಗೊಂದು ಮರದ ಪೆಟ್ಟಿಗೆ ಸಿಕ್ಕಿದೆ. ಒಳಗೆ ಪೀಟರ್ಸ್ ಕಂಪನಿಯ ಕಾಗದದ ತೋಟಾಗಳ, ಅಂದರೆ ಕಾಗದದ ಕೊಳವೆಯಲ್ಲಿ ಮದ್ದು, ಚರೆ (ಸಣ್ಣ ಸೀಸದ ಗುಂಡು) ತುಂಬಿದ ತೋಟಾಗಳ ಎರಡು ಡಬ್ಬಿ. ಒಂದರ ಸೀಲು ಇನ್ನೂ ಹಾಗೇ ಇದೆ. ಜೊತೆಗೆ ಒಂದಷ್ಟು ಬಿಡಿ ತೋಟಾ. ಇವನ್ನು ಕೂಡಿಡಬಹುದೇ, ಪಕ್ಕದ ಮನೆಯವರ ಅಜ್ಜನ ಕಾಲದ ಜೋಡುನಳಿಗೆ ಕೋವಿಗೆ ಹಾಕಿಕೊಂಡು ನವೆಂಬರಿನಲ್ಲಿ ಮೊಲದ ಶಿಕಾರಿಗೆ ಹೋಗಬಹುದೇ, ಊರಿಗೆ ಬರುವಾಗ ಅಪ್ಪನಿಗೆ ತೋರಿಸಲು ಎರಡು ತರಬಹುದೇ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತರಬೇಡಿ. ಒಂದು ತೋಟಾ ಕೂಡ ಬೇಡ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದೇ ಒಂದು ಜೀವಂತ ತೋಟಾ ಇಟ್ಟುಕೊಂಡರೂ ಕೇಸು. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದು ತೋಟಾಕ್ಕಾಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಒದ್ದಾಡಿದವರಿದ್ದಾರೆ. ಹೊಡೆದು ಖಾಲಿಯಾದದ್ದನ್ನೂ ತರಬೇಡಿ. ಅದು ಖಾಲಿ ಎಂದು ಅಧಿಕಾರಿಗಳಿಗೆ ವಿವರಿಸುತ್ತಾ ನಿಲ್ಲುವ ಪಾಡು ಯಾಕೆ? ಒಳ್ಳೆಯ ಫೋಟೊ ತೆಗೆದು ತನ್ನಿ, ಸಾಕು.

ಇನ್ನೊಂದು ಮಾತು. ನೀವು ಎಚ್-1ಬಿ ವೀಸಾದಲ್ಲಿದ್ದೀರಿ ಎಂದು ಬರೆದಿದ್ದೀರಿ. ಅಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ತೋಟಾಗಳಿಗೂ ಅದೇ ಕಾನೂನು. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನಿಮ್ಮ ಹತ್ತಿರ ಅದಿಲ್ಲದಿದ್ದರೆ ಪೆಟ್ಟಿಗೆ ಇವತ್ತೇ ಪಕ್ಕದ ಮನೆಯವರ ಕಪಾಟಿಗೆ ಹೋಗಲಿ. ಒಬ್ಬ ವಕೀಲರನ್ನು ಕೇಳಿ, ಬೇಟೆಗಾರರ ತರಬೇತಿ ಮುಗಿಸಿ, ಲೈಸೆನ್ಸ್ ಮಾಡಿಸಿಕೊಂಡು ಆಮೇಲೆ ಮುಟ್ಟಿ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಈಗ ಸಂತೋಷದ ಮಾತು. ನಿಮ್ಮ ಕೈಗೆ ಸಿಕ್ಕಿರುವುದು ನೀವಿರುವ ಊರಿನ ಪಕ್ಕದಲ್ಲೇ ಹುಟ್ಟಿದ ವಸ್ತು. ಸಿನ್ಸಿನಾಟಿಯಿಂದ ಸ್ವಲ್ಪ ದೂರದಲ್ಲಿ, ಲಿಟ್ಲ್ ಮಯಾಮಿ ನದಿಯ ದಂಡೆಯಲ್ಲಿ ಕಿಂಗ್ಸ್ ಮಿಲ್ಸ್ ಎಂಬ ಊರಿದೆ. ಅಲ್ಲಿ ಮದ್ದಿನ ಕಾರ್ಖಾನೆ ಮೊದಲೇ ಇತ್ತು. 1887ರಲ್ಲಿ ಗರ್ಶಂ ಪೀಟರ್ಸ್ ಅದರ ಜೊತೆಗೇ ತೋಟಾ ಕಂಪನಿ ಶುರು ಮಾಡಿದರು. ಅವರು ಮೊದಲು ಚರ್ಚಿನ ಪಾದ್ರಿಯಾಗಿದ್ದವರು! ಅಲ್ಲಿಯವರೆಗೆ ಶಿಕಾರಿಯವರು ಸಾಮಾನ್ಯವಾಗಿ ಖಾಲಿ ಕೊಳವೆ ತಂದು, ಮನೆಯಲ್ಲೇ ಕೂತು ಮದ್ದು, ಮದ್ದಿಗೂ ಚರೆಗೂ ನಡುವೆ ಇಡುವ ಬಿಲ್ಲೆ, ಚರೆ ಒಂದೊಂದಾಗಿ ತುಂಬುತ್ತಿದ್ದರು. ಆ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದು ಪೀಟರ್ಸ್ ಅವರ ಹೆಚ್ಚುಗಾರಿಕೆ. ಕಾರ್ಖಾನೆಯ ಕಟ್ಟಡ ಇನ್ನೂ ನಿಂತಿದೆ. ಈಗ ಅದರಲ್ಲಿ ಜನ ಸಂಸಾರ ಮಾಡುತ್ತಿದ್ದಾರೆ, ಅಪಾರ್ಟ್‌ಮೆಂಟ್ ಆಗಿದೆ. ಒಂದು ಭಾನುವಾರ ಹೋಗಿ ಅಲ್ಲಿನ ಎತ್ತರದ ಗೋಪುರ ನೋಡಿ ಬನ್ನಿ. ಇಂಥ ಗೋಪುರದ ನೆತ್ತಿಯಲ್ಲಿ ಸೀಸ ಕರಗಿಸಿ ಜರಡಿಯ ಮೇಲೆ ಸುರಿಯುತ್ತಾರೆ. ಬೀಳುವ ಹನಿ ಗಾಳಿಯಲ್ಲೇ ದುಂಡಗಾಗುತ್ತದೆ, ಕೆಳಗಿನ ನೀರಿಗೆ ಬೀಳುವಷ್ಟರಲ್ಲಿ ಚರೆಗುಂಡು ಸಿದ್ಧ. ಮಳೆ ಹನಿಯಂತೆ ಸೀಸ ಬೀಳಿಸುವ ಈ ಉಪಾಯಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲೇ ಪೇಟೆಂಟ್ ಪಡೆದಿದ್ದರು. ನನಗಂತೂ ಇದು ಎಷ್ಟು ಸಲ ನೆನೆದರೂ ಖುಷಿ ಕೊಡುವ ವಿಷಯ.

ಡಬ್ಬಿ ಯಾವ ಕಾಲದ್ದು ಅಂತ ಅದೇ ಹೇಳುತ್ತದೆ. 1934ರಲ್ಲಿ ರೆಮಿಂಗ್ಟನ್ ಕಂಪನಿ ಪೀಟರ್ಸನ್ನು ಕೊಂಡುಕೊಂಡಿತು. ಡಬ್ಬಿಯ ಮಗ್ಗುಲಲ್ಲಿ ರೆಮಿಂಗ್ಟನ್ ಹೆಸರಿದ್ದರೆ ಅದು ಆಮೇಲಿನದು. ಬರೀ ಪೀಟರ್ಸ್ ಹೆಸರು, ಕಿಂಗ್ಸ್ ಮಿಲ್ಸ್ ವಿಳಾಸ ಇದ್ದರೆ ಹೆಚ್ಚುಕಮ್ಮಿ ಅದಕ್ಕೂ ಹಿಂದಿನದು. ಕಿಂಗ್ಸ್ ಮಿಲ್ಸ್ ಕಾರ್ಖಾನೆ 1944ರಲ್ಲಿ ಬಾಗಿಲು ಹಾಕಿತು. ಪ್ಲಾಸ್ಟಿಕ್ ತೋಟಾ ಬಂದದ್ದು 1960ರಲ್ಲಿ. ಆಮೇಲೆ ಕಾಗದದ ತೋಟಾ ನಿಧಾನವಾಗಿ ಹಿಂದೆ ಸರಿಯಿತು.

ಕೂಡಿಡುವವರಿಗೆ ಬೆಲೆ ಇರುವುದು ಮದ್ದಿಗಲ್ಲ, ಡಬ್ಬಿಗೆ. ಅದರ ಚಿತ್ರ, ಬಣ್ಣ, ಸೀಲು, ಅಂಚು ಹರಿಯದ ಕಾಗದ. ಹಾಗಾಗಿ ಸೀಲಿರುವ ಡಬ್ಬಿಯನ್ನು ಕುತೂಹಲಕ್ಕೂ ಬಿಚ್ಚಬೇಡಿ. ಒಮ್ಮೆ ಬಿಚ್ಚಿದರೆ ಮುಗಿಯಿತು, ಮತ್ತೆ ಕೂಡಿಸಲಾಗದು. ತೋಟಾದ ಬುಡದ ಹಿತ್ತಾಳೆಯನ್ನು ಉಜ್ಜಿ ಹೊಳಪು ಬರಿಸಬೇಡಿ. ಎಣ್ಣೆ ಸವರಲೇಬೇಡಿ, ಅದು ಕೇಪಿನೊಳಗೆ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಪುಟ್ಟ ಬಟ್ಟಲಿನೊಳಗೆ ಇಳಿಯುತ್ತದೆ. ತಂಪಾಗಿ, ಒಣಗಿರುವ ಕಡೆ, ಬೀಗ ಹಾಕಿಡಿ. ತೇವ ಕಾಗದದ ತೋಟಾಗೆ ಶತ್ರು. ನಮ್ಮ ಅಜ್ಜನ ಮನೆಯಲ್ಲಿ ಅಡಿಕೆ ಮರಕ್ಕೆ ಬರುವ ಮಂಗಗಳನ್ನು ಹೆದರಿಸಲು ಒಂದು ಕೋವಿ ಇತ್ತು. ಮಲೆನಾಡಿನ ಆಷಾಢದಲ್ಲಿ ತೋಟಾಗಳು ಉಬ್ಬಿ ನಳಿಗೆಗೆ ಇಳಿಯುತ್ತಲೇ ಇರಲಿಲ್ಲ. ಅಜ್ಜಿ ಅವನ್ನು ಹಪ್ಪಳದ ಹಾಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸುತ್ತಿದ್ದಳು.

ಶಿಕಾರಿ ವಿಷಯಕ್ಕೆ ಬರುತ್ತೇನೆ. ಹಳೇ ತೋಟಾ ಹೊಡೆಯಬೇಡಿ ಎಂಬುದು ನನ್ನ ಸಲಹೆ. ಅಲ್ಲಿ ಹಾಗೆ ಶಿಕಾರಿ ಮಾಡುವವರು ಇದ್ದಾರೆ, ಆ ಮೇಣದ ಕಾಗದ ಸುಟ್ಟ ವಾಸನೆಗೆ ಮನಸೋತವರು. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎಂಬತ್ತು ತೊಂಬತ್ತು ವರ್ಷ ಅದು ಎಲ್ಲಿತ್ತು, ಎಷ್ಟು ಬಿಸಿಲು, ಎಷ್ಟು ತೇವ ಕುಡಿದಿದೆ, ಯಾರಿಗೂ ಗೊತ್ತಿಲ್ಲ ಅಲ್ವಾ? ಮದ್ದು ಸೊರಗಿದ ತೋಟಾ 'ಪುಸ್' ಎನ್ನುತ್ತದೆ. ಬಿಲ್ಲೆ ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡದೆ ಎರಡನೇ ಈಡು ಹೊಡೆದರೆ ನಳಿಗೆ ಸಿಡಿಯುತ್ತದೆ. ಆ ಕಾಲದ ಎಷ್ಟೋ ಕೇಪುಗಳು ಹೊಡೆದ ಮೇಲೆ ನಳಿಗೆಯಲ್ಲಿ ಉಪ್ಪು ಬಿಟ್ಟು ತುಕ್ಕು ಹಿಡಿಸುತ್ತವೆ, ಅದು ಬೇರೆ.

ಬಿಡಿ ತೋಟಾಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಭಯ. 12 ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ 12 ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ. 20 ಬೋರ್ ಅದಕ್ಕಿಂತ ಸಣ್ಣದು. 12ರ ಕೋವಿಗೆ 20ರ ತೋಟಾ ಹಾಕಿದರೆ ಅದು ಜಾರಿ ಮುಂದೆ ಹೋಗಿ ಕಣ್ಣಿಗೆ ಕಾಣದಂತೆ ಕೂತುಬಿಡುತ್ತದೆ. ಖಾಲಿ ಎಂದುಕೊಂಡು ಹಿಂದಿನಿಂದ 12ರದ್ದು ಹಾಕಿ ಕುದುರೆ ಎಳೆದರೆ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ. ಅದಕ್ಕೇ ಈಗಿನ 20 ಬೋರ್ ತೋಟಾಗೆ ಹಳದಿ ಬಣ್ಣ. ಹಳೇ ಕಾಲದ ತೋಟಾಗಳಲ್ಲಿ ಬಣ್ಣ ನಂಬುವಂತಿಲ್ಲ.

ಪಕ್ಕದ ಮನೆಯವರ ಕೋವಿಯ ನಳಿಗೆ ಮೇಲೆ ನೀರಿನ ಅಲೆಯಂಥ ಗೆರೆಗಳಿವೆ ಎಂದಿದ್ದೀರಿ. ಅದು ಡಮಾಸ್ಕಸ್ ನಳಿಗೆ ಇರಬೇಕು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಕುಲುಮೆಯಲ್ಲಿ ಬೆಸೆದು ಮಾಡಿದ್ದು. ಅಂಥವು ಹೆಚ್ಚಾಗಿ ಕಪ್ಪು ಮದ್ದಿನ ಕಾಲದವು. ಹೊಗೆ ಬಾರದ ಮದ್ದಿನ ಬಿರುಸಾದ ತೋಟಾ ಅದಕ್ಕೆ ಹಾಕಬಾರದು. ಅದೂ ಅಲ್ಲದೆ ಹಳೇ ಕೋವಿಗಳ ಕೋಣೆ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ, ಎಷ್ಟೋ ಸಲ ಗಿಡ್ಡ, ಎರಡೂವರೆ ಇಂಚು. ಎರಡೂಮುಕ್ಕಾಲು ಇಂಚಿನ ತೋಟಾ ಅದರೊಳಗೆ ಸಲೀಸಾಗಿ ಹೋಗುತ್ತದೆ, ಯಾಕೆಂದರೆ ಬಾಯಿ ಮಡಿಚಿರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ರಿಪೇರಿ ಬಲ್ಲವರು ಅಳೆದು ನೋಡಿ ಸರಿ ಅನ್ನುವವರೆಗೆ ಅದು ಗೋಡೆಯ ಮೇಲೇ ಇರಲಿ.

ಕಾಗದದ ತೋಟಾ ಹೊಡೆಯಲೇಬೇಕು ಎಂಬ ಆಸೆ ಬಲವಾಗಿದ್ದರೆ, ಫೆಡರಲ್ ಕಂಪನಿ ಇಂದಿಗೂ ಹೊಸದಾಗಿ ಮಾಡುತ್ತದೆ. ಗುರಿ ಅಭ್ಯಾಸದ ಮೈದಾನದಲ್ಲಿ, ಈಗಿನ ಗಟ್ಟಿ ಕೋವಿಯಲ್ಲಿ ಹೊಡೆಯಿರಿ. ವಾಸನೆ ಅದೇ. ಮೊಲಕ್ಕೆ ಹೊರಡುವುದಾದರೆ ಪಕ್ಕದ ಮನೆಯವರ ಹೊಸ ಕೋವಿ, ಹೊಸ ತೋಟಾ ಒಯ್ಯಿರಿ.

ನಿಮ್ಮ ಸೀಲಿನ ಡಬ್ಬಿಯ ಮೇಲೆ ಹಾರುವ ಬಾತುಕೋಳಿ ಇದೆಯಲ್ಲ, ಆ ಡಬ್ಬಿಯ ತೋಟಾವನ್ನು ಇವತ್ತು ಬಾತುಕೋಳಿಗೆ ಹೊಡೆಯುವಂತಿಲ್ಲ. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಿಂದ ಅಮೆರಿಕದಾದ್ಯಂತ ನಿಷೇಧಿಸಿದ್ದಾರೆ. ಕೆರೆಯ ತಳಕ್ಕೆ ಬಿದ್ದ ಚರೆಯನ್ನು ಹಕ್ಕಿಗಳು ಹರಳುಕಲ್ಲು ಎಂದು ನುಂಗಿ, ಸೀಸದ ವಿಷ ಏರಿ ಸಾಯುತ್ತಿದ್ದವು. ಒಳ್ಳೆಯ ಕಾನೂನು ಅದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯೇ ಕ್ರಮೇಣ ನಿಂತಿತು, ಅದರ ಬಗ್ಗೆಯೂ ನನಗೆ ಬೇಸರವಿಲ್ಲ.

ನಿಮ್ಮ ಅಪ್ಪ ಹಿಂದೆ ಗದ್ದೆ ಕಾವಲಿಗೆ ಕೋವಿ ಹಿಡಿದವರು ಎಂದು ಬರೆದಿದ್ದೀರಿ. ಫೋಟೊ ತೋರಿಸುವಾಗ ಅವರ ಕಾಲದ ತೋಟಾ ಯಾವ ಬಣ್ಣದ್ದು, ಎಲ್ಲಿಂದ ತರುತ್ತಿದ್ದರು, ಮಳೆಗಾಲದಲ್ಲಿ ಎಲ್ಲಿ ಇಡುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ನಮಗೂ ಕಳಿಸಿ. ಹಾಗೇ, ತೆರೆದ ಡಬ್ಬಿಯ ತೋಟಾದ ಬಾಯಲ್ಲಿರುವ ಬಿಲ್ಲೆಯ ಮೇಲೆ ಚರೆಯ ಗಾತ್ರ ಹೇಳುವ ನಂಬರು ಅಚ್ಚಾಗಿರುತ್ತದೆ. 6 ಇದೆಯೋ, ಬೇರೆ ಏನಾದರೂ ಇದೆಯೋ ನೋಡಿ ತಿಳಿಸಿ.

— ಸಂಪಾದಕ